ಹೊಸ ಕವರ್ ಹಾಕಿದ ಹಳೇ ಪಿಡಿಎಫ್‌ಗೆ 1,499 ರೂಪಾಯಿ ಕೊಟ್ಟೆ, ನೀವು ಕೊಡಬೇಡಿ

ಕೆಎಎಸ್, ಪಿಡಿಒ, ಪಿಎಸ್‌ಐ ಅಂತ ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿರುವವರು, ಪ್ರಚಲಿತ ವಿದ್ಯಮಾನದ ಪಿಡಿಎಫ್‌ಗೆ ದುಡ್ಡು ಹಾಕುವ ಮುಂಚೆ ದಯವಿಟ್ಟು ಇದನ್ನು ಓದಿ. ನಾಚಿಕೆಯಾಗಿ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮೂರು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ನನಗೇ ಹೀಗಾಯ್ತು ಅಂದಮೇಲೆ ಈಗ ತಾನೇ ಡಿಗ್ರಿ ಮುಗಿಸಿ ಬರುವ ಹುಡುಗರ ಗತಿ ಏನು?

2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದಲ್ಲಿ ಏನೇನು ಎಡವಟ್ಟಾಯ್ತು ಅಂತ ನಿಮಗೆಲ್ಲ ಗೊತ್ತು. ಮರುಪರೀಕ್ಷೆ ಅಂದರು. 384 ಹುದ್ದೆ, ಇನ್ನೊಂದು ಅವಕಾಶ. ಅದೇ ಹೊತ್ತಿಗೆ ಒಂದು ಕೋಚಿಂಗ್‌ನವರು ಟೆಲಿಗ್ರಾಂನಲ್ಲಿ ಹಾಕಿದರು: "ಮರುಪರೀಕ್ಷೆ ವಿಶೇಷ ಆವೃತ್ತಿ, ಸಂಪೂರ್ಣ ಅಪ್‌ಡೇಟ್, ಮೊದಲ ಪತ್ರಿಕೆಯ 40ರಲ್ಲಿ 35 ಪ್ರಶ್ನೆ ಇದರಿಂದಲೇ ಗ್ಯಾರಂಟಿ." ಮೊದಲ ಪತ್ರಿಕೆಯಲ್ಲಿ ರಾಷ್ಟ್ರೀಯ, ಅಂತಾರಾಷ್ಟ್ರೀಯ ವಿಷಯಕ್ಕೇ 80 ಅಂಕ ಅಲ್ವಾ, ಆಸೆ ಆಯ್ತು. ಸ್ಯಾಂಪಲ್ ಅಂತ ಮೊದಲ ಹದಿನೈದು ಪುಟ ಕಳಿಸಿದ್ದರು. ಅದು ಚೆನ್ನಾಗಿಯೇ ಇತ್ತು. 2024ರಲ್ಲಿ ಐದು ಜನರಿಗೆ ಭಾರತ ರತ್ನ, ಗುಲ್ಜಾರ್ ಮತ್ತು ರಾಮಭದ್ರಾಚಾರ್ಯರಿಗೆ ಜ್ಞಾನಪೀಠ, ಅಸ್ಸಾಮಿನ ಮೊಯ್ದಾಮ್‌ಗಳು (ಅಹೋಮ್ ರಾಜರ ಸಮಾಧಿ ದಿಬ್ಬಗಳು) ಭಾರತದ 43ನೇ ವಿಶ್ವ ಪರಂಪರೆ ತಾಣ, ಎಲ್ಲ ಸರಿ. ನಂಬಿದೆ. ಅಪ್ಪ ಹೆಸರುಕಾಳು ಮಾರಿ ಕಳಿಸಿದ ದುಡ್ಡಲ್ಲಿ 1,499 ರೂಪಾಯಿ ಫೋನ್‌ಪೇ ಮಾಡಿದೆ. ಪ್ರಿಂಟ್ ಹಾಕಿಸಲು ಮತ್ತೆ 400.

ದೀಪಾವಳಿಗೆ ಊರಿಗೆ ಹೋದೆ. ನಮ್ಮದು ಗದಗ ಜಿಲ್ಲೆ, ಶಿರಹಟ್ಟಿ ಕಡೆ. ಪಡಸಾಲೆಯಲ್ಲಿ ಆ ದಪ್ಪ ಸ್ಪೈರಲ್ ಬುಕ್ ಇಟ್ಟುಕೊಂಡು ಕೂತಿದ್ದೆ. ಪಿಯುಸಿ ಓದುವ ತಮ್ಮ ಅದನ್ನು ತಿರುವಿ ಹಾಕುತ್ತಾ ಕೇಳಿದ, "ಅಣ್ಣಾ, ಕರ್ನಾಟಕದಾಗ ರಾಮ್ಸಾರ್ ತಾಣ ಎಷ್ಟ್ ಅದಾವು?"

"ಒಂದೇ. ರಂಗನತಿಟ್ಟು," ಅಂದೆ. ರಾಮ್ಸಾರ್ ಅಂದರೆ ಅಂತಾರಾಷ್ಟ್ರೀಯ ಮಹತ್ವದ ಕೆರೆ, ಜೌಗು ಪ್ರದೇಶಗಳ ಪಟ್ಟಿ. ಪುಟ 204ರಲ್ಲಿ ಹಾಗೇ ಇತ್ತು, ಹಳದಿ ಪೆನ್ನಿನಲ್ಲಿ ಗೆರೆ ಬೇರೆ ಎಳೆದಿದ್ದೆ.

ಅವನು ನನ್ನ ಮುಖ ನೋಡಿದ. "ಅಣ್ಣಾ, ನಮ್ಮ ಮಾಗಡಿ ಕೆರಿನೂ ಆಗೇತಲ್ಲ!"

ಚಳಿಗಾಲ ಬಂದರೆ ಸಾಕು, ಹಿಮಾಲಯದ ಆಚೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಬಂದು ಇಳಿಯುವ ಕೆರೆ ಅದು. ಚಿಕ್ಕವನಿದ್ದಾಗ ಅಪ್ಪನ ಸೈಕಲ್ ಮೇಲೆ ಕೂತು ನೋಡಲು ಹೋಗಿದ್ದೇನೆ. 2024ರ ಜನವರಿ ಕೊನೆಗೆ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಮೂರೂ ಪಟ್ಟಿಗೆ ಸೇರಿವೆ. ರಂಗನತಿಟ್ಟು ಸೇರಿ ಒಟ್ಟು ನಾಲ್ಕು. ಪಕ್ಕದ ಕೆರೆ ಬಿಟ್ಟು ಪಿಡಿಎಫ್ ನಂಬಿದ್ದೆ. ಅಪ್ಪ ಅಲ್ಲೇ ಕೂತಿದ್ದರು, ಏನೂ ಅನ್ನಲಿಲ್ಲ. ನನಗೆ ತಲೆ ಎತ್ತಲು ಆಗಲಿಲ್ಲ.

ಆ ರಾತ್ರಿಯೇ ಕೂತು ಒಂದೊಂದೇ ಪುಟ ನೋಡಿದೆ. ಕರ್ನಾಟಕದ ಹುಲಿ 524 ಅಂತ ಇದೆ. ಅದು 2018ರ ಗಣತಿ! 2022ರ ಗಣತಿಯಲ್ಲಿ ನಮ್ಮದು 563, ಮಧ್ಯಪ್ರದೇಶ 785. ಹಳೇ ದಂಡ ಸಂಹಿತೆ ಐಪಿಸಿಯ 511 ಸೆಕ್ಷನ್ ಬಗ್ಗೆ ನಾಲ್ಕು ಪುಟ ಇದೆ. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ, 358 ಸೆಕ್ಷನ್ನಿನ ಭಾರತೀಯ ನ್ಯಾಯ ಸಂಹಿತೆಯ ಹೆಸರೂ ಇಲ್ಲ. ಮೊದಲ ಪುಟಗಳಲ್ಲಿ ಮೊಯ್ದಾಮ್ 43ನೇ ತಾಣ ಅಂದವರು ಪುಟ 188ರಲ್ಲಿ ದೇಶದ ಒಟ್ಟು ತಾಣ 40 ಅಂದಿದ್ದಾರೆ. ಬೇಲೂರು, ಹಳೇಬೀಡು, ಸೋಮನಾಥಪುರ ಪಟ್ಟಿಯಲ್ಲೇ ಇಲ್ಲ. ನಮ್ಮ ಹೊಯ್ಸಳ ದೇವಸ್ಥಾನಗಳೇ ಇಲ್ಲ!

ತಪ್ಪು ಯಾರಿಗಾದರೂ ಆಗುತ್ತೆ. ಆದರೆ ಇವೆಲ್ಲ ತಪ್ಪೂ 2022ರ ಹೊತ್ತಿಗೆ ಸರಿಯಾಗಿದ್ದವು. ಅಂದರೆ 2022ರ ಫೈಲಿಗೆ ಮುಂದೆ ಇಪ್ಪತ್ತು ಪುಟ ಹೊಸದು ಸೇರಿಸಿ, ಕವರ್ ಬದಲಿಸಿ ಮಾರಿದ್ದಾರೆ. ಗೊತ್ತಿದ್ದೂ ಮಾಡಿದ್ದು ಇದು. ಗೊತ್ತಿದ್ದೂ!

ಮೆಸೇಜ್ ಮಾಡಿದೆ. ಮೊದಲ ಉತ್ತರ: "ಸರ್, ಅಷ್ಟು ಸಣ್ಣ ವಿಷಯ ಪರೀಕ್ಷೆಗೆ ಬರಲ್ಲ, ನೀವು ರಿವಿಜನ್ ಮಾಡಿ."

ಪುಟಗಳ ಫೋಟೋ ಕಳಿಸಿದೆ. "ಅದನ್ನೆಲ್ಲ ಲೈವ್ ಕ್ಲಾಸ್‌ನಲ್ಲಿ ಬಾಯಲ್ಲಿ ಹೇಳಿದೀವಿ, ನೀವು ಸರಿಯಾಗಿ ಕೇಳಿಲ್ಲ." ನನ್ನ ಪ್ಯಾಕೇಜಿನಲ್ಲಿ ಲೈವ್ ಕ್ಲಾಸೇ ಇರಲಿಲ್ಲ.

ದುಡ್ಡು ವಾಪಸ್ ಕೊಡಿ ಅಂದೆ. "ಪಿಡಿಎಫ್ ಓಪನ್ ಮಾಡಿದ ಮೇಲೆ ರಿಫಂಡ್ ಇಲ್ಲ." ಓಪನ್ ಮಾಡದೆ ಒಳಗೆ ಏನಿದೆ ಅಂತ ಹೇಗ್ರೀ ಗೊತ್ತಾಗಬೇಕು?

ಕೊನೆಗೆ ಗ್ರೂಪಿನಲ್ಲೇ ಕೇಳಿದೆ. ಎರಡು ನಿಮಿಷದಲ್ಲಿ ಅಡ್ಮಿನ್ ಬರೆದ: "ನೆಗೆಟಿವ್ ಮಾತಾಡೋರು ಯಾವತ್ತೂ ಪಾಸ್ ಆಗಲ್ಲ." ನನ್ನನ್ನು ಗ್ರೂಪಿನಿಂದ ತೆಗೆದರು. ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು ಆ ಸಾಲಿಗೆ. ಎರಡು ಸಲ ಕಟ್‌ಆಫ್ ಹತ್ತಿರ ಬಂದು ನಿಂತವನು ನಾನು. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುವ ಪರೀಕ್ಷೆ ಇದು. ಇವರ ನೋಟ್ಸ್ ಓದಿ ಧೈರ್ಯವಾಗಿ ಟಿಕ್ ಮಾಡಿದ್ದರೆ ಇದ್ದ ಅಂಕವೂ ಹೋಗುತ್ತಿತ್ತು.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ ಕೇಳಿದರು. ನನ್ನ ಹತ್ತಿರ ಇರೋದು ಫೋನ್‌ಪೇ ಸ್ಕ್ರೀನ್‌ಶಾಟ್ ಮಾತ್ರ, ಅದೂ ಯಾರದೋ ಸ್ವಂತ ನಂಬರಿಗೆ ಹೋದದ್ದು. ನೀವು ಬಿಲ್ ಇಲ್ಲದೆ ಒಂದು ರೂಪಾಯಿಯೂ ಹಾಕಬೇಡಿ. ಸ್ಯಾಂಪಲ್ ಕೇಳಿದರೆ ಮೊದಲ ಪುಟ ಬೇಡ ಅನ್ನಿ, ನಡುವಿನ ಪರಿಸರದ ಭಾಗ ಕಳಿಸಿ ಅನ್ನಿ. ಕಳಿಸದಿದ್ದರೆ ಅಲ್ಲೇ ಬಿಟ್ಟುಬಿಡಿ. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯ ಪ್ರಕಟಣೆ, ನಮ್ಮ ರಾಜ್ಯದ ಆರ್ಥಿಕ ಸಮೀಕ್ಷೆ ಎರಡೂ ಬಿಟ್ಟಿಯಾಗಿ ಸಿಗುತ್ತವೆ. ನಾನು ಈಗ ದಿನಾ ಪೇಪರ್ ಓದಿ ಕೈಯಲ್ಲೇ ನೋಟ್ಸ್ ಬರೆಯುತ್ತಿದ್ದೇನೆ. ಟೈಮ್ ಹಿಡಿಯುತ್ತೆ, ಹಿಡಿಯಲಿ.

ನಿನ್ನೆ ರೂಮ್‌ಮೇಟ್ ಮೊಬೈಲಿಗೆ ಅದೇ ಕೋಚಿಂಗ್‌ನವರ ಹೊಸ ಜಾಹೀರಾತು ಬಂದಿದೆ. ಕವರ್ ಈಗ ನೀಲಿ, ಬೆಲೆ 1,799. ಯಾರಾದರೂ ಆಗಲೇ ತಗೊಂಡಿದ್ದರೆ ಮೊದಲು ರಾಮ್ಸಾರ್ ಪುಟ ತೆಗೆದು ನೋಡಿ, ಮಾಗಡಿ ಕೆರೆ ಇದೆಯಾ ಅಂತ.