ಸಿಕ್ಯೂಆರ್‌ಲಾಗ್: ನಾಲ್ಕು ವರ್ಷ ಬಳಸಿದ ಮೇಲೆ

ಉಬುಂಟು ಲ್ಯಾಪ್‌ಟಾಪಿಗೆ ಸಿಕ್ಯೂಆರ್‌ಲಾಗ್ ಹಾಕಿಕೊಂಡು ನಾಲ್ಕು ವರ್ಷವಾಯಿತು. ಹ್ಯಾಮ್ ರೇಡಿಯೊದಲ್ಲಿ ಯಾರ ಜೊತೆ ಯಾವಾಗ ಮಾತಾಡಿದೆವು (ಕಾಂಟ್ಯಾಕ್ಟ್) ಅಂತ ಲೆಕ್ಕ ಇಡುವ ಲಿನಕ್ಸ್ ತಂತ್ರಾಂಶ ಇದು. ದುಡ್ಡು ಕೊಡಬೇಕಿಲ್ಲ, ಸಾವಿರಾರು ಕಾಂಟ್ಯಾಕ್ಟ್ ತುಂಬಿದರೂ ಹುಡುಕಾಟ ನಿಧಾನವಾಗಿಲ್ಲ. ಆದರೆ ಪ್ರಿಫರೆನ್ಸಸ್ ತೆರೆದರೆ ತಲೆ ತಿರುಗುತ್ತದೆ, ಅಷ್ಟು ಪುಟಗಳು! ಎಲ್ಲವನ್ನೂ ಮುಟ್ಟಲು ಹೋಗಬೇಡಿ.

ಸ್ಟೇಷನ್ ಪುಟವನ್ನು ಮಾತ್ರ ಎರಡು ಸಲ ನೋಡಿ. ನನಗೆ ಕೈ ಕೊಟ್ಟಿದ್ದು ಅಲ್ಲಿನ ಲೊಕೇಟರ್, ಅಂದರೆ ಭೂಪಟವನ್ನು ಚೌಕಗಳಾಗಿ ಹಂಚಿ ನಾವಿರುವ ಚೌಕಕ್ಕೆ ಕೊಟ್ಟ ಗ್ರಿಡ್ ಸಂಕೇತ. ಬೆಂಗಳೂರು ಅಂದರೆ ಎಂಕೆ82 ಅಂತಲೇ ನನ್ನ ತಲೆಯಲ್ಲಿತ್ತು. ಜಯನಗರದಲ್ಲಿ ಇರುವವರೆಗೆ ಅದು ಸರಿಯೇ. ಆದರೆ 13 ಡಿಗ್ರಿ ಅಕ್ಷಾಂಶದ ಗೆರೆ ಮಲ್ಲೇಶ್ವರದ ಹತ್ತಿರ ಊರನ್ನು ಸೀಳುತ್ತದೆ. ಅದರಿಂದ ಉತ್ತರಕ್ಕೆ ಎಂಕೆ83. ಯಲಹಂಕಕ್ಕೆ ಮನೆ ಬದಲಿಸಿದಾಗ ಗ್ಯಾಸು, ಬ್ಯಾಂಕು ಎಲ್ಲ ಕಡೆ ವಿಳಾಸ ಬದಲಾಯಿಸಿದೆ, ಇದೊಂದು ಮರೆತೆ. ಐದು ತಿಂಗಳ ಲಾಗಿಗೆಲ್ಲ ಹಳೇ ಗ್ರಿಡ್. ಈಗ ಬದಲಾಯಿಸಿದರೆ ಹೊಸ ಕಾಂಟ್ಯಾಕ್ಟುಗಳಿಗೆ ಮಾತ್ರ ಅನ್ವಯ, ಹಳೆಯವನ್ನು ಕೂತು ತಿದ್ದಬೇಕು. ಲಾಗ್‌ಬುಕ್ ಆಫ್ ದಿ ವರ್ಲ್ಡ್‌ಗೆ (ಎರಡೂ ಕಡೆಯ ಲಾಗು ಹೋಲಿಸಿ ಕಾಂಟ್ಯಾಕ್ಟ್ ಕನ್‌ಫರ್ಮ್ ಮಾಡುವ ಆನ್‌ಲೈನ್ ಸೇವೆ) ಕಳಿಸುವವರು ಅದಕ್ಕೆ ಲಾಗು ಸಹಿ ಮಾಡುವ ಟಿಕ್ಯೂಎಸ್‌ಎಲ್ ತಂತ್ರಾಂಶದಲ್ಲೂ ಹೊಸ ಲೊಕೇಶನ್ ಮಾಡಿಕೊಳ್ಳಬೇಕು. ಜಗತ್ತನ್ನು ದೊಡ್ಡ ತುಂಡುಗಳಾಗಿ ಹಂಚುವ ವಲಯಗಳು (ಸಿಕ್ಯೂ ವಲಯ 22, ಐಟಿಯು ವಲಯ 41) ಮಾತ್ರ ಊರಲ್ಲಿ ಎಲ್ಲಿದ್ದರೂ ಅವೇ, ಪುಣ್ಯ.

ಇನ್ನೊಂದು ಪೆಟ್ಟು ಟೈಮಿನದು. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸೂ ಇದೆ. ಅದು ಮದರ್‌ಬೋರ್ಡ್ ಗಡಿಯಾರದಲ್ಲಿ ನಮ್ಮ ಟೈಮ್ ಇಡುತ್ತದೆ, ಲಿನಕ್ಸ್ ಅದನ್ನೇ ಯುಟಿಸಿ (ಲಾಗಿನಲ್ಲಿ ಬರೆಯುವ ಜಾಗತಿಕ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಅಂದುಕೊಳ್ಳುತ್ತದೆ. ಇಂಟರ್ನೆಟ್ ಇದ್ದರೆ ತಾನೇ ಸರಿಹೋಗುತ್ತದೆ. ನಂದಿ ಬೆಟ್ಟದ ಕಡೆ ಆಂಟೆನಾ ಕಟ್ಟಿದ ದಿನ ನೆಟ್ ಇರಲಿಲ್ಲ. ಇಡೀ ಲಾಗು ಐದೂವರೆ ಗಂಟೆ ಮುಂದೆ! ತಮಾಷೆ ಏನಂದ್ರೆ ಎಫ್‌ಟಿ8 (ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಏನೂ ತಕರಾರು ಮಾಡಲಿಲ್ಲ. ಅದಕ್ಕೆ 15 ಸೆಕೆಂಡಿನ ಸುತ್ತು ಹೊಂದಿದರೆ ಸಾಕು, ಗಂಟೆ ಯಾವುದಾದರೇನು ಅಲ್ವಾ. ಲಾಗ್‌ಬುಕ್ ಆಫ್ ದಿ ವರ್ಲ್ಡ್‌ನಲ್ಲಿ ಎರಡೂ ಕಡೆಯ ಟೈಮ್ 30 ನಿಮಿಷದೊಳಗೆ ಹೊಂದಬೇಕು. ಆ ದಿನದ್ದು ಒಂದೂ ಕನ್‌ಫರ್ಮ್ ಆಗದಿದ್ದಾಗಲೇ ಗೊತ್ತಾಗಿದ್ದು.

ರಿಗ್ (ರೇಡಿಯೊ ಸೆಟ್) ಲ್ಯಾಪ್‌ಟಾಪಿಗೆ ಜೋಡಿಸುವುದು ಅಂದುಕೊಂಡಷ್ಟು ಕಷ್ಟವಿಲ್ಲ. ಎಸ್‌ಪಿ ರೋಡಿನ ಯುಎಸ್‌ಬಿ ಕೇಬಲ್ ಸಾಕು. ಬಾಡ್ ರೇಟ್ (ಕೇಬಲ್‌ನಲ್ಲಿ ಡೇಟಾ ಹರಿಯುವ ವೇಗ) ರೇಡಿಯೊದಲ್ಲೂ ಇಲ್ಲೂ ಒಂದೇ ಇರಲಿ, ನಿಮ್ಮ ಯೂಸರ್ ಲಿನಕ್ಸ್‌ನಲ್ಲಿ ಪೋರ್ಟ್ ಬಳಸಲು ಅನುಮತಿ ಕೊಡುವ ಡಯಲ್‌ಔಟ್ ಗುಂಪಿಗೆ ಸೇರಿರಲಿ.

ವಿಂಡೋಸ್ ಮಾತ್ರ ಬಳಸುವವರು ಇದಕ್ಕಾಗಿ ಸುಮ್ನೆ ಒದ್ದಾಡಬೇಡಿ. ಲಿನಕ್ಸ್ ಇದ್ದವರಿಗೆ ಐದಕ್ಕೆ ನಾಲ್ಕು ಸ್ಟಾರ್. ಹಳೇ ಗ್ರಿಡ್ಡಿನ ಸಾಲುಗಳು ನನ್ನ ಹತ್ತಿರ ಇನ್ನೂ ಅರವತ್ತರಷ್ಟು ಉಳಿದಿವೆ, ಭಾನುವಾರಕ್ಕೆ ಇಟ್ಟಿದ್ದೇನೆ.