ತುಮಕೂರಿನ ಅಶೋಕ ರಸ್ತೆಯಲ್ಲಿ ಕಂಟ್ರೋಲರ್ ರಿಪೇರಿ

ಮಗನ ಡ್ಯುಯಲ್‌ಶಾಕ್ 4 ಕಂಟ್ರೋಲರಿನ (ಪ್ಲೇಸ್ಟೇಷನ್ 4 ಆಟಗಳನ್ನಾಡಲು ಕೈಯಲ್ಲಿ ಹಿಡಿಯುವ ಸಾಧನ) ಎಡಗಡೆಯ ಅನಲಾಗ್ ಸ್ಟಿಕ್ಕನ್ನು, ಅಂದರೆ ಹೆಬ್ಬೆರಳಿನಿಂದ ಆಡಿಸುವ ಪುಟ್ಟ ಕಡ್ಡಿಯನ್ನು, ಮುಟ್ಟದಿದ್ದರೂ ಆಟದ ಪಾತ್ರ ತಾನಾಗಿಯೇ ಬಲಕ್ಕೆ ನಡೆಯತೊಡಗಿದಾಗ, ಅದನ್ನು ಅಶೋಕ ರಸ್ತೆಯ ಒಂದು ಸಣ್ಣ ರಿಪೇರಿ ಅಂಗಡಿಗೆ ಒಯ್ದೆ. ಬೇರೊಂದು ಕಡೆ ಬಿಚ್ಚಿಯೂ ನೋಡದೆ ಹೊಸದನ್ನೇ ಕೊಳ್ಳಿ ಎಂದಿದ್ದರು. ಇಲ್ಲಿನವರು ಮೊದಲು ಕೊಳೆ ಹೋಗಲೆಂದು ಸ್ಟಿಕ್ಕಿನ ಬುಡಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ನೋಡಿದರು. ತೊಂದರೆ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಆಮೇಲೆ ಸ್ಟಿಕ್ ಎಷ್ಟು ವಾಲಿದೆಯೆಂದು ಅಳೆಯುವ ಪೊಟೆನ್ಶಿಯೋಮೀಟರಿನ ಪುಟ್ಟ ಮುಚ್ಚಳ ತೆಗೆದು, ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜಿ ಉಜ್ಜಿ ಮೂಡಿದ್ದ ಸವಕಲು ಗೆರೆಯನ್ನು ಭೂತಗನ್ನಡಿ ಹಿಡಿದು ನನಗೇ ತೋರಿಸಿದರು. ಈ ತಾಳ್ಮೆ ನನಗೆ ಬಹಳ ಹಿಡಿಸಿತು. 14 ಬೆಸುಗೆಗಳನ್ನು ಬಿಡಿಸಿ, ಅಳೆಯುವ ಭಾಗಗಳು ಒಂದಕ್ಕೊಂದು ತಗುಲದೆ ಕಾಂತಕ್ಷೇತ್ರವನ್ನು ಅಳೆಯುವುದರಿಂದ ಹಾಗೆ ಸವೆಯದ ಹಾಲ್ ಎಫೆಕ್ಟ್ ಸ್ಟಿಕ್ ಕೂರಿಸಿ, ಕ್ಯಾಲಿಬ್ರೇಶನ್ (ಸ್ಟಿಕ್ಕಿನ ನಡುಬಿಂದುವನ್ನು ಸರಿಹೊಂದಿಸುವುದು) ಮಾಡಿಯೇ ಕೊಟ್ಟರು. ಎರಡು ದಿನ ಕಾಯಬೇಕಾಯಿತೆಂಬುದೊಂದೇ ಕೊರತೆ. ಮೂರು ತಿಂಗಳಾದರೂ ಪಾತ್ರ ನಿಲ್ಲಿಸಿದಲ್ಲೇ ನಿಲ್ಲುತ್ತಿದೆ.