ಕೋಟೆ ಊರಿನ ಬಿಸಿಲು, ಬೋರ್ ನೀರು: ಸೋಲಾರ್ ಹಾಕಿಸಿದ ಹನ್ನೊಂದು ವರ್ಷ

2014ರಲ್ಲಿ ಚಿತ್ರದುರ್ಗದಲ್ಲಿ ಮನೆ ಕಟ್ಟಿಸಿದಾಗ ನೀರು ಕಾಯಿಸಲು ಸೋಲಾರ್ ಹಾಕಿಸಿದ್ದು ಪರಿಸರದ ಕಾಳಜಿಯಿಂದಲ್ಲ, ಬಿಲ್ಲಿನ ಲೆಕ್ಕ ಹಾಕಿಯೂ ಅಲ್ಲ. ಹಳೆಯ ಮನೆಯಲ್ಲಿ ಅಮ್ಮ ಬೆಳಗಿನ ಐದಕ್ಕೆ ಎದ್ದು ಬಚ್ಚಲ ಒಲೆಗೆ ಶೇಂಗಾ ಹೊಟ್ಟು, ತೆಂಗಿನ ಮಟ್ಟೆ ತುರುಕಿ ಊದುತ್ತಿದ್ದರು. ಹೊಗೆಗೆ ಕೆಮ್ಮು ಅಂಟಿಕೊಂಡಿತ್ತು. ‘ಹೊಸ ಮನೆಯಲ್ಲಿ ನಾನು ಒಲೆ ಊದುವುದಿಲ್ಲಪ್ಪ’ ಎಂದರು. ಅಲ್ಲಿಗೆ ತೀರ್ಮಾನವಾಯಿತು.

ನಮ್ಮದು 200 ಲೀಟರಿನದು, ಗಾಜಿನ ಕೊಳವೆಯ ಮಾದರಿ. ಚಪ್ಪಟೆ ಫಲಕದ್ದೂ ಸಿಗುತ್ತಿತ್ತು. ಗಡಸು ನೀರಿಗೆ ಅದರ ಸಣ್ಣ ತಾಮ್ರದ ಪೈಪುಗಳು ಕಟ್ಟಿಕೊಳ್ಳುತ್ತವೆ ಎಂದು ಪ್ಲಂಬರ್ ಬೇಡವೆಂದ. ಸರಿಯೇ, ಆದರೆ ಸುಣ್ಣ ಗಾಜಿನ ಕೊಳವೆಯನ್ನೂ ಬಿಡುವುದಿಲ್ಲ ಎಂಬುದನ್ನು ಅವನು ಹೇಳಲಿಲ್ಲ. ನಾಲ್ಕನೆಯ ವರ್ಷ ನೀರು ಉಗುರುಬೆಚ್ಚಗೆ ಬರತೊಡಗಿತು. ಕೊಳವೆಗಳನ್ನು ಬಿಚ್ಚಿ ಬೋರಲು ಹಾಕಿದರೆ ಒಂದೊಂದರಿಂದಲೂ ಹಿಡಿ ಹಿಡಿ ಬಿಳಿಯ ಹಕ್ಕಳೆ, ಮೊಟ್ಟೆಯ ಚಿಪ್ಪನ್ನು ಪುಡಿ ಮಾಡಿದಂತೆ ಉದುರಿತು. ಅಂದಿನಿಂದ ಪ್ರತಿ ವರ್ಷ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮೊದಲು ತೊಳೆಸುತ್ತೇನೆ. ಅಮ್ಮ ಕೆಳಗೆ ಹುಣಸೆಹಣ್ಣು ಹಚ್ಚಿ ತಾಮ್ರದ ಹಂಡೆ ಬೆಳಗುತ್ತಾರೆ, ನಾನು ಮೇಲೆ ಕೊಳವೆ ಉಜ್ಜಿಸುತ್ತೇನೆ.

ಕೋತಿಗಳದು ಇನ್ನೊಂದು ಕಥೆ. ಕೋಟೆಯ ಕಡೆಯಿಂದ ಬಂದ ಹಿಂಡು ಎರಡು ಸಲ ಕೊಳವೆ ಒಡೆದಿದೆ. ಒಡೆಯುವುದು ಒಂದೇ ಕೊಳವೆಯಾದರೂ ಟ್ಯಾಂಕಿನ ನೀರೆಲ್ಲ ತಾರಸಿಯ ಮೇಲೆ ಹರಿದುಹೋಗುತ್ತದೆ. ಈಗ ಮೇಲೆ ತಂತಿಬಲೆ ಬಿಗಿಸಿದ್ದೇನೆ. ಸ್ವಲ್ಪ ಬಿಸಿಲು ಕಡಿಮೆ ಬಿದ್ದರೂ ಚಿಂತೆಯಿಲ್ಲ, ಈ ಊರಿನಲ್ಲಿ ಬಿಸಿಲಿಗೆ ಬರವೇ?

ಗೃಹಜ್ಯೋತಿ ಬಂದ ಮೇಲೆ ಪಕ್ಕದ ಮನೆಯವರು ‘ಕರೆಂಟೇ ಉಚಿತ, ಇನ್ನು ಸೋಲಾರ್ ಏಕೆ?’ ಎಂದು ಕೇಳಿದರು. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಸುಮಾರು ಮೂರೂವರೆ ಯೂನಿಟ್ ಬೇಕು. ದಿನವೂ ಕಾಯಿಸಿದರೆ ತಿಂಗಳಿಗೆ ನೂರು ದಾಟುತ್ತದೆ. ಉಚಿತ ಸಿಗುವುದು 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ. ಗೀಸರ್ ಇಲ್ಲದ ನಮ್ಮ ಸರಾಸರಿಯೇ ಕಡಿಮೆ. ಮಿತವಾಗಿ ಬಳಸಿದವರಿಗೇ ಕಡಿಮೆ ಪಾಲು ಎಂಬುದು ನನಗೆ ಇಂದಿಗೂ ಕಿರಿಕಿರಿಯೇ. ಆದರೆ ಈಗ ಗೀಸರ್ ಹಾಕಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು, ಒಟ್ಟು 200 ದಾಟಿದರೆ ಪೂರ್ತಿ ಬಿಲ್.

ತೊಂದರೆಗಳೂ ಇವೆ. ತಾರಸಿಯಿಂದ ಕೆಳಗಿನ ಬಚ್ಚಲಿಗೆ ಪೈಪು ಉದ್ದ, ಮೊದಲ ಒಂದು ಬಕೆಟ್ ತಣ್ಣೀರೇ ಬರುತ್ತದೆ. ಅದನ್ನು ಬಟ್ಟೆ ನೆನೆಸಲು ಹಿಡಿದಿಡುತ್ತೇವೆ. ಮೋಡ ಕವಿದು ಎರಡು ದಿನ ಜಿಟಿಜಿಟಿ ಮಳೆ ಹಿಡಿದರೆ ಟ್ಯಾಂಕಿನೊಳಗಿನ ಕಾಯಿಲ್ ಹಾಕಲೇಬೇಕು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಏಳನೆಯ ವರ್ಷ, ಟ್ಯಾಂಕ್ ಸೋರಿದಾಗ. ಒಳಗೆ ಮೆಗ್ನೀಸಿಯಂ ಸರಳು ಇರುತ್ತದೆ, ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ, ಆಗಾಗ ಬದಲಿಸಬೇಕು ಎಂದು ಮಾರಿದವರು ಒಂದು ಮಾತೂ ಹೇಳಿರಲಿಲ್ಲ. ಬಿಚ್ಚಿ ನೋಡಿದರೆ ಸರಳಿನ ಜಾಗದಲ್ಲಿ ಬರೀ ತಂತಿ. ಈಗಿರುವುದು ಎರಡನೆಯ ಟ್ಯಾಂಕ್. ಸರಳು ಬದಲಿಸಿದ ತಾರೀಖನ್ನು ಅದರ ಮೈಮೇಲೆಯೇ ಕೆಂಪು ಪೇಂಟಿನಲ್ಲಿ ಬರೆಸಿದ್ದೇನೆ.